ಕಂಬ ಹತ್ತುವ ಹೀರೋ

ಟೊರೊಂಟೊದಲ್ಲಿ ಕಾಮಿಕ್ಸ್ ಬರೆಯುವ ಬಹಳ ಜನ ತಮ್ಮ ಮೊದಲ ಪುಸ್ತಕವನ್ನು ಮನೆಯಲ್ಲೇ ಮಾಡುತ್ತಾರೆ. ಪ್ರಕಾಶಕರೂ ಇಲ್ಲ, ಪ್ರೆಸ್ಸೂ ಇಲ್ಲ. ಒಂದೇ ಹಾಳೆಯ ಒಂದು ಮಗ್ಗುಲಲ್ಲಿ ಎಂಟು ಚೌಕ ಹಾಕಿ ಚಿತ್ರ ಬರೆದು, ಝೆರಾಕ್ಸ್ ಮಾಡಿಸಿ, ಮಡಚಿ, ನಡುವೆ ಮಾತ್ರ ಒಂದು ಸೀಳು ಕತ್ತರಿಸಿ, ಮತ್ತೆ ಮಡಚಿದರೆ ಅಂಗೈಯಗಲದ ಎಂಟು ಪುಟದ ಪುಸ್ತಕ ರೆಡಿ. ಪಿನ್ನು ಹೊಡೆಯುವುದೂ ಬೇಡ. ಮೇಲಿನ ಸಾಲಿನ ನಾಲ್ಕು ಚೌಕಗಳನ್ನು ಮಾತ್ರ ತಲೆಕೆಳಗಾಗಿ ಬರೆಯಬೇಕು, ಇಲ್ಲದಿದ್ದರೆ ಅರ್ಧ ಕತೆ ಉಲ್ಟಾ ನಿಲ್ಲುತ್ತದೆ. ಕಾಸಿಗೆ ಮಾರುವವರಿದ್ದಾರೆ, ಆದರೆ ನನಗೆ ಇಷ್ಟ ಕೊಡು-ಕೊಳ್ಳು: ನನ್ನದೊಂದು ತಗೊಳ್ಳಿ, ನಿಮ್ಮದೊಂದು ಕೊಡಿ.

ಈ ರೂಢಿ ನನಗೆ ಹತ್ತಿದ್ದು ಯಂಗ್ ಸ್ಟ್ರೀಟಿನ ರೆಫರೆನ್ಸ್ ಲೈಬ್ರರಿಯಲ್ಲಿ. 2003ರಲ್ಲಿ ಶುರುವಾದ ಟೊರೊಂಟೊ ಕಾಮಿಕ್ ಆರ್ಟ್ಸ್ ಫೆಸ್ಟಿವಲ್ ಬಹಳ ವರ್ಷ ಅಲ್ಲೇ ನಡೆಯುತ್ತಿತ್ತು, ಒಳಗೆ ಹೋಗಲು ಟಿಕೆಟ್ಟಿಲ್ಲ. ಹೆಸರು ಮಾಡಿದ ಕಲಾವಿದರ ಪಕ್ಕದ ಮೇಜಿನಲ್ಲೇ ಕಾಲೇಜು ಹುಡುಗಿಯೊಬ್ಬಳು ಕೈಯಲ್ಲಿ ಹೊಲಿದ ಪುಸ್ತಕ ಹರಡಿಕೊಂಡು ಕೂತಿರುತ್ತಾಳೆ. ‘ಸುಧಾ’ದ ಫ್ಯಾಂಟಮ್ ಪುಟ ಮೊದಲು ಯಾರು ಓದಬೇಕು ಎಂದು ಅಣ್ಣನ ಜೊತೆ ಜಗಳವಾಡಿ ಬೆಳೆದವನು ನಾನು. ಕಾಮಿಕ್ಸ್ ಎಂದರೆ ಎಲ್ಲೋ ದೊಡ್ಡ ಆಫೀಸಿನಲ್ಲಿ ತಯಾರಾಗಿ ಬರುವ ವಸ್ತು ಎಂದೇ ತಿಳಿದಿದ್ದೆ. ಅದು ಊಟದ ಮೇಜಿನ ಮೇಲೂ ಹುಟ್ಟುತ್ತದೆ ಎಂದು ಕಂಡಿದ್ದು ಇಲ್ಲಿ.

ನನ್ನ ಹೀರೋ ಲೈನ್‌ಮನ್ ಶೀನಪ್ಪ. ಊರು ತೀರ್ಥಹಳ್ಳಿ ಕಡೆ. ಆಷಾಢದ ಮಳೆಗೆ ಮರ ಬಿದ್ದು ತಂತಿ ಹರಿದಾಗ ಕಂಬಳಿಕೊಪ್ಪೆ ಹಾಕಿಕೊಂಡು, ಕಟಿಂಗ್ ಪ್ಲೇಯರ್ ಸೊಂಟಕ್ಕೆ ಸಿಕ್ಕಿಸಿ, ಜಿಗಣೆ ಕಿತ್ತೆಸೆಯುತ್ತ ತೋಟದ ನಡುವೆ ಹೋಗುವವನು. ಮಳೆಯನ್ನು ನಾನು ಬಿಡಿಸುವುದು ಬಿಳಿ ಗೆರೆಯಲ್ಲಿ. ಇಡೀ ಚೌಕಕ್ಕೆ ಇಂಡಿಯನ್ ಇಂಕ್ ಬಳಿದು, ಒಣಗಿದ ಮೇಲೆ ಬ್ಲೇಡಿನ ಮೂಲೆಯಿಂದ ಕೆರೆಯುತ್ತೇನೆ. ದಪ್ಪ ಕಾಗದವಾದರೆ ಮಾತ್ರ ತಡೆಯುತ್ತದೆ. ಕಪ್ಪಿನ ನಡುವೆ ಶೀನಪ್ಪನ ಬೆನ್ನು, ಕೊಪ್ಪೆ, ಕಂಬ, ಅಷ್ಟೇ.

ಪಕ್ಕದ ಮೇಜಿನ ಹೆಂಗಸೊಬ್ಬರು ನನ್ನ ಪುಸ್ತಕ ತಿರುವಿ ಕೇಳಿದರು: “ಇವನ ಶಕ್ತಿ ಏನು?” ಕಂಬ ಹತ್ತುತ್ತಾನೆ, ಕರೆಂಟು ಬರಿಸುತ್ತಾನೆ ಎಂದೆ. ಅವರು ಮತ್ತೆ ಮೊದಲ ಪುಟಕ್ಕೆ ಹೋಗಿ ನಿಧಾನವಾಗಿ ಓದಿದರು. 2013ರ ಡಿಸೆಂಬರಿನಲ್ಲಿ ಇಲ್ಲಿ ಮಂಜುಗಡ್ಡೆಯ ಬಿರುಗಾಳಿ ಬಂದು, ಕೊಂಬೆಗಳು ಮುರಿದು, ಲಕ್ಷಾಂತರ ಮನೆಗಳಿಗೆ ಕ್ರಿಸ್‌ಮಸ್ ಹೊತ್ತಿಗೆ ಕರೆಂಟಿರಲಿಲ್ಲ. ಅವರ ಅಪ್ಪ ಆಗ ತಂತಿ ಸರಿಮಾಡುವ ತಂಡದಲ್ಲಿದ್ದರಂತೆ, ಹಬ್ಬದ ದಿನ ಮನೆಗೇ ಬರಲಿಲ್ಲವಂತೆ. ಎರಡು ಪ್ರತಿ ತಗೊಂಡರು, ಒಂದು ಅಪ್ಪನಿಗೆ.

ಶಕ್ತಿಯ ಮಾತು ಬಂತು, ಸೂಪರ್‌ಮ್ಯಾನ್ ವಿಷಯ ಹೇಳಲೇಬೇಕು. ಅವನನ್ನು ಬಿಡಿಸಿದ ಜೋ ಶೂಸ್ಟರ್ ಹುಟ್ಟಿದ್ದು ಇದೇ ಟೊರೊಂಟೊದಲ್ಲಿ, 1914ರಲ್ಲಿ. ಹುಡುಗನಾಗಿ ಬೀದಿಯಲ್ಲಿ ‘ಟೊರೊಂಟೊ ಡೈಲಿ ಸ್ಟಾರ್’ ಮಾರಿದವನು. ಸೂಪರ್‌ಮ್ಯಾನ್ ಮಾಮೂಲಿ ಮನುಷ್ಯನ ವೇಷದಲ್ಲಿ, ಕ್ಲಾರ್ಕ್ ಕೆಂಟ್ ಎಂಬ ಹೆಸರಲ್ಲಿ, ಕೆಲಸ ಮಾಡುವ ಪತ್ರಿಕೆಗೆ ಮೊದಲಿದ್ದ ಹೆಸರೂ ‘ಡೈಲಿ ಸ್ಟಾರ್’ ಎಂದೇ. ಮುಂದೆ ಮನೆಯವರು ಕ್ಲೀವ್‌ಲ್ಯಾಂಡಿಗೆ ಹೋದರು, ಅಲ್ಲಿ ಕತೆ ಬರೆಯುವ ಜೆರ್ರಿ ಸೀಗಲ್ ಸಿಕ್ಕ. 1933ರಲ್ಲಿ ಇಬ್ಬರೂ ಸೈಕ್ಲೋಸ್ಟೈಲ್ ಮಾಡಿ ಹಂಚಿದ ತಮ್ಮದೇ ಪತ್ರಿಕೆಯಲ್ಲಿ ಮೊದಲ ‘ಸೂಪರ್‌ಮ್ಯಾನ್’ ಬಂದ. ಆ ಕತೆಯಲ್ಲಿ ಅವನು ಕೇಡಿಗ! ಬ್ರೆಡ್ಡಿಗಾಗಿ ಸಾಲಿನಲ್ಲಿ ನಿಂತಿದ್ದ ನಿರ್ಗತಿಕನೊಬ್ಬನಿಗೆ ಬೇರೆಯವರ ಮನಸ್ಸು ಓದುವ ಶಕ್ತಿ ಬಂದು ತಲೆತಿರುಗುವ ಕತೆ. ಇವತ್ತು ಕೋಟಿಗಟ್ಟಲೆ ಡಾಲರ್ ದುಡಿಯುವ ಹೆಸರಿನ ಬುಡದಲ್ಲಿರುವುದು ಹುಡುಗರಿಬ್ಬರ ಮನೆಪುಸ್ತಕ.

ಮುಂದಿನದು ನನಗೆ ಹೊಟ್ಟೆ ಉರಿಸುವ ಭಾಗ. 1938ರಲ್ಲಿ ಸೂಪರ್‌ಮ್ಯಾನ್‌ನ ಸಕಲ ಹಕ್ಕಿಗೂ ಇಬ್ಬರಿಗೂ ಸೇರಿ ಪ್ರಕಾಶಕ ಕಂಪನಿಯಿಂದ ಸಿಕ್ಕಿದ್ದು 130 ಡಾಲರ್. ಆ ಹಣ ಸೇರಿದ್ದ ಚೆಕ್ಕಿನ ಕಾಗದವೇ 2012ರಲ್ಲಿ 1,60,000 ಡಾಲರಿಗೆ ಹರಾಜಾಯಿತು. ಬಡತನದಲ್ಲಿ ನರಳಿದ ಮೇಲೆ, 1975ರಲ್ಲಿ, ಇತರ ಕಲಾವಿದರು ಗಲಾಟೆ ಎಬ್ಬಿಸಿದ್ದರಿಂದ ಅವರಿಗೆ ಪಿಂಚಣಿ ಬಂತು, ಕತೆಯ ಮೇಲೆ ಹೆಸರೂ ವಾಪಸ್ ಬಂತು.

ಸೂಪರ್‌ಹೀರೋ ಕಾಮಿಕ್ಸಿನ ದೊಡ್ಡ ಕೊರತೆಯೂ ಈ ಒಡೆತನದಿಂದಲೇ ಬಂದದ್ದು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಕಂಪನಿಯ ಆಸ್ತಿಯಾದವನು ಮುದುಕನಾಗುವಂತಿಲ್ಲ, ಸಾಯುವಂತಿಲ್ಲ. 1992ರಲ್ಲಿ ಸೂಪರ್‌ಮ್ಯಾನ್‌ನನ್ನು ಸಾಯಿಸಿದರು, ಮರುವರ್ಷವೇ ಎಬ್ಬಿಸಿ ಕೂರಿಸಿದರು. ಸ್ಪೈಡರ್‌ಮ್ಯಾನ್‌ಗೆ 1987ರಲ್ಲಿ ಮದುವೆ ಮಾಡಿ, ಇಪ್ಪತ್ತು ವರ್ಷದ ಮೇಲೆ ಸೈತಾನನ ಜೊತೆ ಒಪ್ಪಂದ ಮಾಡಿಸಿ ಆ ಮದುವೆಯನ್ನೇ ಅಳಿಸಿಹಾಕಿದರು. ಅಷ್ಟು ವರ್ಷ ಆ ಸಂಸಾರವನ್ನು ಓದಿಕೊಂಡು ಬಂದವರಿಗೆ ಇದಕ್ಕಿಂತ ಅವಮಾನ ಬೇಕೆ? ಹಾಗೆಂದು ಸ್ಪೈಡರ್‌ಮ್ಯಾನ್ ಮೇಲೆ ನನಗೆ ಪ್ರೀತಿ ಕಮ್ಮಿಯೇನಲ್ಲ. ಸ್ಟೀವ್ ಡಿಟ್ಕೊ ಬಿಡಿಸಿದ ಮೊದಲ ವರ್ಷಗಳ ಪುಟ ನೋಡಿ: ತನ್ನ ಬಟ್ಟೆ ತಾನೇ ಹೊಲಿದುಕೊಳ್ಳುವ, ಕಾಸಿಗೆ ಪರದಾಡುವ, ಸಾಕಿದ ದೊಡ್ಡಮ್ಮನ ಔಷಧಿಗೆ ಚಿಂತಿಸುವ ಹುಡುಗ. ಗೆರೆ ಕಲಿಯಬೇಕೆಂದಾಗ ನಾನು ಈಗಲೂ ತೆರೆಯುವುದು ಅವನ್ನೇ.

ಶೀನಪ್ಪ ಯಾರ ಆಸ್ತಿಯೂ ಅಲ್ಲ, ಹಾಗಾಗಿ ಅವನಿಗೆ ವಯಸ್ಸಾಗುತ್ತದೆ. ಎರಡನೆಯ ಪುಸ್ತಕದಲ್ಲಿ ಮಂಡಿನೋವು ಶುರುವಾಗಿದೆ, ನಾಲ್ಕನೆಯದರಲ್ಲಿ ಅವನು ರಿಟೈರ್ ಆಗುತ್ತಾನೆ, ಅಲ್ಲಿಗೆ ಮುಗಿಯಿತು. ಇನ್ನಷ್ಟು ಬರೆಯಿರಿ ಎಂದು ಒತ್ತಾಯಿಸುವವರಿದ್ದಾರೆ, ಬರೆಯುವುದಿಲ್ಲ. ಅವನ ಕೊನೆಯ ದಿನದ ಕೆಲಸ ಹೇಗಿರಬೇಕೆಂದು ಈಗ ಯೋಚಿಸುತ್ತಿದ್ದೇನೆ. ಮಲೆನಾಡಿನ ಸೆಕ್ಷನ್ ಆಫೀಸಿನಲ್ಲಿ ನಿವೃತ್ತರಾದ ಲೈನ್‌ಮನ್ ನಿಮ್ಮ ಮನೆಯಲ್ಲಿ ಯಾರಾದರೂ ಇದ್ದರೆ ಕೇಳಿ ತಿಳಿಸಿ: ಆ ದಿನ ಬೆಲ್ಟು, ಹಗ್ಗ, ಗ್ಲೌಸು ಯಾರ ಕೈಗೆ ಕೊಟ್ಟರು, ಕೊನೆಗೆ ಹತ್ತಿದ ಕಂಬ ಯಾವುದು?