ಎಳನೀರಿನ ಮೇಲೆ ಗೂಬೆ ಕೂರಿಸಿದ ದಿನ

ಸೋಮವಾರದ ಫಸ್ಟ್ ಶಿಫ್ಟ್ ಅಂದರೆ ನಮ್ಮ ಡಯಾಲಿಸಿಸ್ ಯೂನಿಟ್‌ನಲ್ಲಿ ಎಲ್ಲರಿಗೂ ಅಳುಕು. ಲಾಂಗ್ ಗ್ಯಾಪ್, ಅಂದರೆ ಎರಡು ದಿನ ಡಯಾಲಿಸಿಸ್ ಇಲ್ಲದೆ ಕಳೆದು ಬರುವವರು. ವೇಟ್ ಏರಿರುತ್ತದೆ, ಉಸಿರು ಎಳೆಯುತ್ತಿರುತ್ತದೆ. ಅವತ್ತು ತಿಪಟೂರು ಕಡೆಯ ತೋಟದವರೊಬ್ಬರು ಗೋಡೆ ಹಿಡಿದುಕೊಂಡು ಬಂದರು. "ಕಾಲಲ್ಲಿ ಶಕ್ತಿನೇ ಇಲ್ಲ ಮೇಡಂ." ಹಳೇ ಶುಗರ್, ಜೊತೆಗೆ ಮಂಡಿನೋವಿಗೆ ವರ್ಷಗಟ್ಟಲೆ ಚೀಟಿ ಇಲ್ಲದೆ ನುಂಗಿದ ಮಾತ್ರೆ. ಎರಡೂ ಸೇರಿ ಕಿಡ್ನಿ ಮುಗಿಸಿದ್ದವು.

ರಕ್ತದಲ್ಲಿ ಪೊಟ್ಯಾಶಿಯಂ 7.1. 5 ದಾಟಿದರೇ ನಾವು ಗೊಣಗುತ್ತೇವೆ. ಇಸಿಜಿಯಲ್ಲಿ ಟಿ ವೇವ್ ಗುಡಾರದ ಹಾಗೆ ಎದ್ದಿತ್ತು, ಪೊಟ್ಯಾಶಿಯಂ ಹೃದಯಕ್ಕೆ ತಟ್ಟಿದ ಗುರುತು.

ಸಿಸ್ಟರ್ ಹೃದಯ ಕಾಯುವ ಕ್ಯಾಲ್ಸಿಯಂ ಗ್ಲುಕೊನೇಟ್ ನಿಧಾನಕ್ಕೆ ಬಿಡುತ್ತಿದ್ದರು. ಡಯಟೀಷಿಯನ್ ಆದ ನಾನು ಪಕ್ಕದಲ್ಲೇ, ಯಾವುದನ್ನು ತಿಂದು ಕುಡಿದು ಇಷ್ಟು ಪೊಟ್ಯಾಶಿಯಂ ಏರಿತು ಅಂತ ಪೊಲೀಸ್ ವಿಚಾರಣೆ ಶುರು ಮಾಡಿದೆ.

"ಎಳನೀರು ಎಷ್ಟು ಕುಡಿದ್ರಿ?"

"ಒಂದೂ ಇಲ್ಲ."

"ತೋಟ ಇಟ್ಕೊಂಡು ಸುಮ್ನೆ ಹೇಳಬೇಡಿ."

ಅವರು ಕಣ್ಣು ಮುಚ್ಚಿಕೊಂಡರು. ಮಾನಿಟರ್‌ನಲ್ಲಿ ಪಲ್ಸ್ 44, 42. ನಾನು ಬಿಡಲಿಲ್ಲ. ಬಾಳೆಹಣ್ಣು? ಇಲ್ಲ. ಸೊಪ್ಪು? ಬೇಯಿಸಿ, ನೀರು ಬಸಿದೇ ತಿಂದಿದ್ದಂತೆ.

ಆಗ ಅವರ ಹೆಂಡತಿ ತಿಂಡಿ ಡಬ್ಬಿಯ ಚೀಲದಿಂದ ಒಂದು ಉಪ್ಪಿನ ಪ್ಯಾಕೆಟ್ ತೆಗೆದರು. ಲೋ ಸೋಡಿಯಂ. "ನೀವೇ ಹಾಕಿ ಅಂದ್ರಲ್ಲ. ರುಚಿ ಹತ್ತಲ್ಲ ಅಂತ ಇವ್ರು ಎರಡು ಸಲ ಹಾಕ್ಕೋತಾರೆ."

ಹಿಂದುಗಡೆ ಸಣ್ಣಕ್ಷರದಲ್ಲಿ ಪೊಟ್ಯಾಶಿಯಂ ಕ್ಲೋರೈಡ್. ಸೋಡಿಯಂ ತೆಗೆದ ಜಾಗಕ್ಕೆ ತುಂಬುವುದೇ ಅದನ್ನು. ಕಿಡ್ನಿ ಸರಿ ಇದ್ದವರು ಹೊರಗೆ ಹಾಕುತ್ತಾರೆ. ಇವರು ಎಲ್ಲಿ ಹಾಕಬೇಕು?

ಹೌದು, ನಾನೇ ಅಂದಿದ್ದೆ. ಹಿಂದಿನ ವಾರ ಆಡಿಟ್ ಇತ್ತು, ಮುಂದೆ ಫೈಲುಗಳ ರಾಶಿ. "ಬೇರೆ ಉಪ್ಪು ಬಂದಿದೆಯಂತೆ, ಹಾಕಬಹುದಾ?" ಅಂತ ಆಕೆ ಕೇಳಿದಾಗ ತಲೆ ಎತ್ತದೆ "ಕಡಿಮೆ ಉಪ್ಪು ಅಂದ್ರೆ ಒಳ್ಳೇದೇ" ಅಂದಿದ್ದೆ. ಪ್ಯಾಕೆಟ್ ತೋರಿಸಿ ಅನ್ನಲಿಲ್ಲ. ಅನ್ನುವುದಕ್ಕೆ ಎರಡು ಸೆಕೆಂಡ್ ಸಾಕಿತ್ತು.

ನಾಲ್ಕು ಗಂಟೆ ಡಯಾಲಿಸಿಸ್ ಆದ ಮೇಲೆ ಅವರು ಎದ್ದು ಕೂತರು. ನಾನು ಸಾರಿ ಕೇಳಿದೆ. ಎಳನೀರಿನ ವಿಷಯಕ್ಕೂ ಸೇರಿಸಿ.

ನಮ್ಮ ಡಯಟ್ ಚಾರ್ಟ್‌ನಲ್ಲಿ ಈಗಲೂ "ಉಪ್ಪು ಕಡಿಮೆ ಮಾಡಿ" ಅಂತಷ್ಟೇ ಇದೆ. ಹಳೇ ಪ್ರಿಂಟ್ ಸ್ಟಾಕ್ ಮುಗಿಯಲಿ ಅನ್ನುತ್ತದೆ ಮ್ಯಾನೇಜ್‌ಮೆಂಟ್. ಅದು ಮುಗಿಯುವ ಲಕ್ಷಣವೇ ಇಲ್ಲ. ಹಾಗಾಗಿ ಪ್ರತಿ ಚಾರ್ಟಿನ ಮೇಲೂ ಕೆಂಪು ಪೆನ್ನಲ್ಲಿ ನಾನೇ ಬರೆಯುತ್ತೇನೆ: ಲೋ ಸೋಡಿಯಂ ಉಪ್ಪು ಬೇಡವೇ ಬೇಡ.

ಮುಂದಿನ ವಾರ ಅವರು ಸ್ಟಾಫಿಗೆ ಅಂತ ಒಂದು ಗೊನೆ ಎಳನೀರು ತಂದರು. "ಮೊದಲು ಮೇಡಂಗೆ ಕೊಡಿ. ಅವ್ರಿಗೆ ಅದರದ್ದೇ ಧ್ಯಾನ."