ಪೂಲ್ ಕ್ಯೂ ಸ್ಪ್ಲೈಸ್: ನಾಲ್ಕು ಮೊನೆ ಒಂದೇ ಮಟ್ಟಕ್ಕೆ ಬರಬೇಕಾದರೆ

ಪೂಲ್ ಆಡುವ ಕೋಲಿನ, ಅಂದರೆ ಕ್ಯೂವಿನ, ಹಿಡಿಕೆಯ ಮುಂದೆ ಕಪ್ಪು ಮರದ ಮೊನೆಗಳು ಬಿಳಿ ಮೇಪಲ್ ಮರದೊಳಗೆ ಚುಚ್ಚಿಕೊಂಡಂತೆ ಕಾಣುತ್ತವಲ್ಲ, ಅದೇ ಸ್ಪ್ಲೈಸ್. ಅಗ್ಗದ ಕೋಲುಗಳಲ್ಲಿ ಅದು ಬರೀ ಸ್ಟಿಕ್ಕರ್. ಎರಡು ಮರಗಳನ್ನು ತುದಿಗೆ ತುದಿ ಇಟ್ಟು ಅಂಟಿಸಿದರೆ ಅಂಟು ನಿಲ್ಲುವುದಿಲ್ಲ. ಉದ್ದನೆಯ ಓರೆಯಲ್ಲಿ ಎಳೆಯ ಪಕ್ಕಕ್ಕೆ ಎಳೆ ತಾಗಿದರೆ ಗಟ್ಟಿಯಾಗಿ ಹಿಡಿಯುತ್ತದೆ. ಸ್ಪ್ಲೈಸ್ ಹುಟ್ಟಿದ್ದೇ ಇದಕ್ಕಾಗಿ, ಅಂದ ಆಮೇಲೆ ಬಂತು.

ಚೌಕ ಕೋಲಿನ ನಾಲ್ಕು ಮುಖಗಳನ್ನು ಉಜ್ಜುಗೊರಡಿನಿಂದ ಓರೆಯಾಗಿ ತೆಗೆದು ಹಲಗೆ ಅಂಟಿಸಿ ಲೇತ್‌ನಲ್ಲಿ ಕಡೆದರೆ ಮೊನೆ ದುಂಡಗೆ ಬರುತ್ತದೆ. ಚಪ್ಪಟೆ ಕೊಯ್ತ ದುಂಡು ಮೈಯನ್ನು ಸೀಳಿದಾಗ ಅಂಡಾಕಾರವೇ ಆಗಬೇಕು. ಚೂಪು ಮೊನೆಗೆ ‘ವಿ’ ತೋಡು ಬೇಕು. ಫುಲ್ ಸ್ಪ್ಲೈಸ್‌ನಲ್ಲಿ ಎರಡೂ ತುಂಡುಗಳಿಗೆ ಬೆಣೆ ಕೊಯ್ದು ಒಂದರೊಳಗೊಂದು ತೂರಿಸುತ್ತಾರೆ. ಹಾಫ್ ಸ್ಪ್ಲೈಸ್‌ನಲ್ಲಿ ಮುಂದಿನ ತುಂಡಿಗಷ್ಟೇ ತೋಡು ಕೊರೆದು ಪಟ್ಟಿ ಕೂರಿಸಿ, ಹಿಡಿಕೆಯನ್ನು ಬೋಲ್ಟ್ ಹಾಕಿ ಬೇರೆಯಾಗಿ ಜೋಡಿಸುತ್ತಾರೆ. ಇಲ್ಲಿ ಹೇಳುತ್ತಿರುವುದು ಹಾಫ್ ಸ್ಪ್ಲೈಸ್ ಬಗ್ಗೆ.

ಮುಂದಿನ ತುಂಡಿಗೆ 33 ಮಿ.ಮೀ ಚೌಕ, 330 ಮಿ.ಮೀ ಉದ್ದದ ಹಾರ್ಡ್ ಮೇಪಲ್ ತೆಗೆದುಕೊಳ್ಳಿ. ತೇವಾಂಶ ಶೇ 6ರಿಂದ 8 ಇರಲಿ. ಎಳೆ ತುದಿಯಿಂದ ತುದಿಗೆ ನೇರವಾಗಿ ಓಡಬೇಕು. ಪಕ್ಕಕ್ಕೆ ಜಾರಿದ ಎಳೆಯಾದರೆ, ತೋಡುಗಳ ನಡುವೆ ಉಳಿಯುವ 5 ಮಿ.ಮೀ ಗೋಡೆ ಅದೇ ಜಾಡಿನಲ್ಲಿ ಸೀಳುತ್ತದೆ. ಎರಡೂ ತುದಿಗೆ ಸೆಂಟರ್ ಕುಳಿ (ಲೇತ್‌ನ ಮೊನೆ ಕೂರುವ ನಡುಕುಳಿ) ಕೊರೆದು, ಒಂದು ಕಡೆ 30, ಇನ್ನೊಂದು ಕಡೆ 24 ಮಿ.ಮೀ ವ್ಯಾಸ ಬರುವಂತೆ ಒರಟಾಗಿ ಕಡೆಯಿರಿ. ಕೆಲವು ವಾರ ತೂಗುಹಾಕಿ. ಬಾಗುವುದಿದ್ದರೆ ಈಗಲೇ ಬಾಗಲಿ.

90 ಡಿಗ್ರಿ ತೋಡನ್ನೂ ಅದೇ ಎರಡು ಕುಳಿಗಳ ನಡುವೆ ಹಿಡಿದೇ ಕೊರೆಯಬೇಕು. ಹಿಡಿಕೆ ಕೂಡುವ ದಪ್ಪ ತುದಿಯಲ್ಲಿ ತೋಡಿನ ತಳ ನಡುವಿನಿಂದ 3.5 ಮಿ.ಮೀ ದೂರದಲ್ಲಿರಲಿ, ಅಲ್ಲಿಂದ ಪ್ರತಿ 30 ಮಿ.ಮೀಗೆ 1 ಮಿ.ಮೀ ಮೇಲೇರಲಿ. ಕೊನೆಗೆ 26.5ರಿಂದ 21.5 ಮಿ.ಮೀಗೆ ಕಡೆದಾಗ ಮೊನೆ ಸುಮಾರು 24 ಸೆಂ.ಮೀ ಉದ್ದ ಬರುತ್ತದೆ. ಓರೆ ಇಷ್ಟು ನಸು ಆಗಿರುವುದರಿಂದ ತಪ್ಪು ಹಿಗ್ಗಿ ಕಾಣುತ್ತದೆ. ಸೆಂಟರ್ 0.3 ಮಿ.ಮೀ ಒಂದು ಪಕ್ಕಕ್ಕೆ ಸರಿದರೆ ಆ ಕಡೆಯ ಮೊನೆ 7 ಮಿ.ಮೀ ಮುಂದೆ, ಎದುರಿನದು 7 ಮಿ.ಮೀ ಹಿಂದೆ: ಒಟ್ಟು 14 ಮಿ.ಮೀ ವ್ಯತ್ಯಾಸ! ಮೊನೆ ಏರುಪೇರಾದಾಗ ಎಲ್ಲರೂ ತೋಡು ಕೊರೆದ ಅಲಗನ್ನು ಬೈಯುತ್ತಾರೆ. ಮೊದಲು ನೋಡಬೇಕಾದದ್ದು ಸವೆದ ಕುಳಿಯನ್ನು. ವ್ಯಾಸದಲ್ಲಿ 1 ಮಿ.ಮೀ ಕಡೆದರೆ ಮೊನೆಗಳೆಲ್ಲ 12 ಮಿ.ಮೀ ಹಿಂದೆ ಸರಿಯುತ್ತವೆ, ಇದನ್ನೂ ಮೊದಲೇ ಲೆಕ್ಕಕ್ಕೆ ಹಿಡಿದಿರಬೇಕು.

ಎದುರುಬದುರಿನ ಎರಡು ತೋಡು ಮೊದಲು. ಅಂಟು ಒಣಗಿದ ಮೇಲೆ ಉಳಿದೆರಡು. ನಾಲ್ಕನ್ನೂ ಒಟ್ಟಿಗೆ ಕೊರೆದರೆ ತುಂಡು ಬಡವಾಗಿ ತಿರುಚಿಕೊಳ್ಳುತ್ತದೆ.

ಒಳಗೆ ಕೂರುವ ಪಟ್ಟಿ 16 ಮಿ.ಮೀ ಚೌಕದ ಎಬೊನಿ ಎಂಬ ಕಪ್ಪು ಮರ ಅಥವಾ ಬೀಟೆ. ಮೂಲೆ ಕರಾರುವಾಕ್ಕಾಗಿ 90 ಡಿಗ್ರಿ ಇರಬೇಕು. ಸ್ವಲ್ಪ ಮೊಂಡಾದರೂ ಮೊನೆಯ ತುದಿಯಲ್ಲಿ ಅಂಟಿನ ಚುಕ್ಕೆ ಉಳಿಯುತ್ತದೆ. ಬಣ್ಣದ ವಿನೀರ್ (ತೆಳು ಮರದ ಹಾಳೆ) ಬೇಕೆಂದರೆ ಪಟ್ಟಿಯ ಎರಡು ಮುಖಕ್ಕೂ ಒಂದೇ ದಪ್ಪದ್ದನ್ನು ಹಚ್ಚಿ, ಮೂಲೆಯಲ್ಲಿ 45 ಡಿಗ್ರಿಗೆ ಕೂಡಿಸಿ. 0.6 ಮಿ.ಮೀ ವಿನೀರ್ ಒಂದೊಂದು ಪದರಕ್ಕೂ ಒಳಗಿನ ಮೊನೆಯನ್ನು 2 ಸೆಂ.ಮೀನಷ್ಟು ಹಿಂದೆ ತಳ್ಳುತ್ತದೆ. ನಾಲ್ಕು ಪದರ ಹಾಕಿ ಎಬೊನಿ ಕಾಣುತ್ತಿಲ್ಲವೆಂದು ಕೊರಗುವುದು ಬೇಡ. ನನ್ನನ್ನು ಕೇಳಿದರೆ ಎರಡೇ ಸಾಕು.

ಎಣ್ಣೆಯಂಶದ ಮರವನ್ನು ಅಂಟಿಸುವ ಮುಂಚೆ ಅಸಿಟೋನ್‌ನಿಂದ ಒರೆಸಿ. ನಿಧಾನಕ್ಕೆ ಗಟ್ಟಿಯಾಗುವ ಎಪಾಕ್ಸಿಯೇ ಲೇಸು, ನೀರಿನಂಶದ ಅಂಟು ತೆಳು ಗೋಡೆಯನ್ನು ಉಬ್ಬಿಸುತ್ತದೆ. ತೋಡಿನ ತಳದಲ್ಲಿ ಅಂಟು ಸಿಕ್ಕಿಕೊಂಡರೆ ಪಟ್ಟಿ ತೇಲಿ ನಿಲ್ಲುತ್ತದೆ. ಅದಕ್ಕೇ ಮೊನೆಯ ಕಡೆಯಿಂದ ಒತ್ತುತ್ತಾ ಬಂದು ಹೆಚ್ಚಿನದನ್ನು ಹಿಂಬದಿಗೆ ಹೊರಡಿಸಬೇಕು. ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿದರೆ ಒತ್ತಡ ಎಲ್ಲ ಕಡೆ ಸಮನಾಗಿ ಬೀಳುತ್ತದೆ. ಕ್ಲಾಂಪ್ ಬಿಗಿದು ಅಂಟನ್ನೆಲ್ಲ ಹಿಂಡಿದರೆ ಜೋಡಣೆಯಲ್ಲಿ ಅಂಟೇ ಉಳಿಯದೆ ಹಿಡಿತ ತಪ್ಪುತ್ತದೆ.

ಅಂಟು ಗಟ್ಟಿಯಾದ ಮೇಲೆ ಒಂದು ಸಲಕ್ಕೆ ವ್ಯಾಸದಲ್ಲಿ 0.5 ಮಿ.ಮೀಗಿಂತ ಹೆಚ್ಚು ಕಡೆಯಬೇಡಿ. ಮೊಂಡು ಅಲಗು ಮೊನೆಯ ತೆಳು ತುದಿಯನ್ನು ಕಿತ್ತೆಸೆಯುತ್ತದೆ. ಪ್ರತಿ ಸಲದ ನಂತರ ಮತ್ತೆ ಕೆಲವು ದಿನ ತೂಗುಹಾಕಿ.

ಮರಳು ಕಾಗದ ಹಿಡಿಯುವಾಗ ಎಬೊನಿ ಪುಡಿ ಮೇಪಲ್‌ನ ರಂಧ್ರಗಳಿಗೆ ಹೊಕ್ಕು ಬಿಳಿ ಮರ ಮಸಿ ಹಿಡಿದಂತಾಗುತ್ತದೆ. ಉಜ್ಜಿದಷ್ಟೂ ಒಳಕ್ಕೇ ಹೋಗುತ್ತದೆ. ಮೊದಲು ತೆಳುವಾಗಿ ಸೀಲರ್ (ರಂಧ್ರ ಮುಚ್ಚುವ ಲೇಪ) ಹಚ್ಚಿ, ಮೇಪಲ್‌ನಿಂದ ಎಬೊನಿಯತ್ತ ಮಾತ್ರ ಉದ್ದಕ್ಕೆ ಉಜ್ಜಿ, ಆಗಾಗ ಗಾಳಿ ಊದಿ ಪುಡಿ ತೆಗೆಯಿರಿ.