ಕತ್ತನ್ನು ಕೊನೆಗೂ ಒಪ್ಪಿಸಿ ಬಂದೆ

ನನ್ನ 1974ರ ರಿಕನ್‌ಬ್ಯಾಕರ್ 4001 ಬೇಸ್ ಗಿಟಾರಿನ ಕತ್ತು ತಂತಿಗಳ ಸೆಳೆತಕ್ಕೆ ಮುಂದಕ್ಕೆ ಬಾಗಿದೆ. ಬೇರೆ ಎಷ್ಟೋ ಗಿಟಾರುಗಳಲ್ಲಿ ಸ್ಕ್ರೂ ಬಿಚ್ಚಿ ಕತ್ತನ್ನೇ ಬದಲಿಸಬಹುದು. ಇದರಲ್ಲಿ ಕತ್ತಿನ ಮರ ಒಡಲಿನ ತುದಿಯವರೆಗೂ ಹಾದುಹೋಗಿದೆ. ಅದು ಕೆಟ್ಟರೆ ಗಿಟಾರೇ ಹೋದಂತೆ.

ಮೊದಲು ಹೋದ ಅಂಗಡಿಯಲ್ಲಿ ನೋಡಿದ ಕೂಡಲೇ ಸ್ಪ್ಯಾನರ್ ತೆಗೆದರು. ಗಿಟಾರನ್ನು ಎತ್ತಿಕೊಂಡು ಹೊರಗೆ ಬಂದುಬಿಟ್ಟೆ. ಆ ಕಾಲದ ರಿಕನ್‌ಬ್ಯಾಕರಿನಲ್ಲಿ ಕತ್ತಿನೊಳಗಿದ್ದು ಅದನ್ನು ನೇರವಾಗಿ ಹಿಡಿದಿಡುವ ಸರಳುಗಳು (ಟ್ರಸ್ ರಾಡ್) ಎರಡು, ಒಂದೊಂದೂ ಹೇರ್‌ಪಿನ್ನಿನಂತೆ ಮಡಚಿದ ಲೋಹ. ಕತ್ತನ್ನು ಮೊದಲು ಕೈಯಿಂದ ಒತ್ತಿ ಹದಕ್ಕೆ ತರಬೇಕು, ಆಮೇಲೆ ಸರಳಿನ ತುದಿಯ ನಟ್ ಬಿಗಿದು ಅಲ್ಲಿಯೇ ನಿಲ್ಲಿಸಬೇಕು. ನಟ್‌ನ ಬಲದಿಂದಲೇ ಎಳೆದರೆ ಕತ್ತಿನ ಮೇಲೆ ಅಂಟಿಸಿದ ಬೆರಳುಹಲಗೆ ಕಿತ್ತು ಬರಬಹುದು.

ನಿನ್ನೆ ಗಿಟಾರ್ ರಿಪೇರಿ ಮಾಡುವ ಒಬ್ಬ ಹಿರಿಯರ ಬಳಿ ಹೋದೆ. ಅವರು ಗಿಟಾರನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಬಹಳ ಹೊತ್ತು ನೋಡಿದರು. "ಇದರ ನಟ್‌ಗಳನ್ನು ಇದುವರೆಗೆ ಯಾರಾದರೂ ತಿರುಗಿಸಿದ್ದಾರೆಯೇ?" ಎಂದು ಕೇಳಿದರು. ಅಷ್ಟಕ್ಕೇ ನನ್ನ ಎದೆ ಹಗುರಾಯಿತು. ನಂಬಿಕೆ ಹುಟ್ಟಲು ಒಂದು ಸರಿಯಾದ ಪ್ರಶ್ನೆ ಸಾಕಾಗುತ್ತದೆ ಎಂದು ನಾನು ಎಣಿಸಿರಲಿಲ್ಲ.

"ಎರಡು ವಾರ ಬೇಕು. ಅವಸರವಿದ್ದರೆ ಬೇರೆಯವರಿಗೆ ಕೊಡಿ" ಎಂದರು.

ಬಿಟ್ಟು ಬಂದಿದ್ದೇನೆ. ಮನೆಯಲ್ಲಿ ಅದರ ಸ್ಟ್ಯಾಂಡ್ ಬರಿದಾಗಿ ನಿಂತಿದೆ.